ದೋಷಪಟ್ಟಿಗಳ ಕಾಲವಿಚಾರ

ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಸಂಭವಿಸುವ ವ್ಯಾಕರಣದೋಷಗಳನ್ನೂ ಒಂದರ ಬದಲು ಮತ್ತೊಂದಾಗಿ ಬಳಕೆಯಾಗುವ ಶಬ್ದಗಳನ್ನೂ ಪಟ್ಟಿಮಾಡುವ ಕೈಪಿಡಿಗಳು ನಮ್ಮ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದುವು. ಅವುಗಳ ಉಪಯೋಗವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇತಿಹಾಸದ ಅಧ್ಯಾಪಕರಾದ ನಮಗೆ ಅವುಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ತಾವು ವಿಧಿಸುವ ನಿಯಮಗಳು ಎಂದು, ಯಾರಿಂದ ಹುಟ್ಟಿದುವೆಂಬುದನ್ನು ಅವು ತಿಳಿಸುವುದಿಲ್ಲ.

ಎಣಿಸಬಹುದಾದ ವಸ್ತುಗಳಿಗೆ 'ಫ್ಯೂಅರ್' ಎಂದೇ ಹೇಳಬೇಕು, 'ಲೆಸ್' ಎನ್ನಬಾರದು ಎಂಬ ವಿಧಿಯನ್ನು ನೋಡೋಣ. 9ನೆಯ ಶತಮಾನದ ಆಲ್‌ಫ್ರೆಡ್ ದೊರೆಯ ಬರೆಹದಲ್ಲಿಯೇ 'ಲೆಸ್' ಶಬ್ದದ ಪ್ರಾಚೀನ ರೂಪವು ಎಣಿಕೆಗೆ ಬಳಕೆಯಾಗಿದೆ. 1770ರಲ್ಲಿ ರಾಬರ್ಟ್ ಬೇಕರ್ ಎಂಬಾತನು ಎಣಿಕೆಗೆ 'ಫ್ಯೂಅರ್' ಎಂಬುದೇ ಹೆಚ್ಚು ಸೊಗಸೆಂದು ತನ್ನ ಅಭಿರುಚಿಯನ್ನು ಸೂಚಿಸಿದನು. ಆ ಅಭಿರುಚಿಯೇ ಕಾಲಕ್ರಮದಲ್ಲಿ ಕಟ್ಟಳೆಯಾಯಿತು.

'ಡಿಸ್‌ಇಂಟರೆಸ್ಟೆಡ್' ಎಂದರೆ ನಿಷ್ಪಕ್ಷಪಾತಿ, 'ಅನ್‌ಇಂಟರೆಸ್ಟೆಡ್' ಎಂದರೆ ಆಸಕ್ತಿಯಿಲ್ಲದವನು ಎಂಬ ವಿವರಣೆಯು ಇಂದಿನ ಬರೆಹಕ್ಕೆ ಸಾಧುವೇ ಸರಿ. ಆದರೆ 17ನೆಯ ಶತಮಾನದಲ್ಲಿ ಮೊದಲನೆಯದನ್ನು ಆಸಕ್ತಿಯಿಲ್ಲದವನೆಂಬ ಅರ್ಥದಲ್ಲಿಯೂ ಎರಡನೆಯದನ್ನು ನಿಷ್ಪಕ್ಷಪಾತಿಯೆಂಬ ಅರ್ಥದಲ್ಲಿಯೂ ಪ್ರಯೋಗಿಸಿದುದುಂಟು. ಆ ಕಾಲದ ಪತ್ರವೊಂದರಲ್ಲಿ ಸಾಕ್ಷಿಯೊಬ್ಬನನ್ನು ಈ ಮಾತಿನಿಂದ ವರ್ಣಿಸಿದ್ದರೆ, ಕೈಪಿಡಿಯನ್ನೇ ನಂಬಿದ ಸಂಶೋಧಕನು ಅವನ ಹೇಳಿಕೆಗೆ ಸಲ್ಲದ ಬೆಲೆಯನ್ನು ಕಟ್ಟಿಯಾನು. 1611ರ ಇಂಗ್ಲಿಷ್ ಬೈಬಲಿನಲ್ಲಿ 'ಪ್ರಿವೆಂಟ್' ಎಂಬುದಕ್ಕೆ ತಡೆಯುವುದೆಂದಲ್ಲ, ಮುಂದಾಗಿ ಹೋಗುವುದೆಂದು ಅರ್ಥ; ತಡೆಯುವುದೆಂಬ ಅರ್ಥವನ್ನು ಅಲ್ಲಿ ಕೆಲವೆಡೆ 'ಲೆಟ್' ಎಂಬ ಶಬ್ದವೇ ಕೊಡುತ್ತದೆ! ಈಸ್ಟ್ ಇಂಡಿಯಾ ಕಂಪೆನಿಯ ಮೊದಲ ದಶಕಗಳ ಪತ್ರಗಳೂ ಇದೇ ಕಾಲದವು ಎಂಬುದನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳು ಮರೆಯಬಾರದು.

ಇನ್ನು, ಕನ್ನಡಿಗರಿಗೆ ನಿಜವಾಗಿ ತೊಡಕನ್ನುಂಟುಮಾಡುವ ಜೋಡಿಯೆಂದರೆ 'ಹಿಸ್ಟಾರಿಕ್' ಮತ್ತು 'ಹಿಸ್ಟಾರಿಕಲ್'. ನಮ್ಮಲ್ಲಿ ಎರಡಕ್ಕೂ 'ಐತಿಹಾಸಿಕ' ಎಂಬ ಒಂದೇ ಮಾತು ನಡೆಯುತ್ತದೆ. 1565ರ ತಾಳಿಕೋಟೆಯ ಯುದ್ಧಕ್ಕೆ ಮೊದಲನೆಯದು ಸಲ್ಲುತ್ತದೆ. ಊರ ಶಾನುಭೋಗರ ಹಳೆಯ ಲೆಕ್ಕದ ಕಡತಕ್ಕೆ ಎರಡನೆಯದು ಮಾತ್ರ. ಈ ಭೇದವೂ ಬಹಳ ಪ್ರಾಚೀನವೇನಲ್ಲ. ಹಿಂದೆ ಇವೆರಡೂ ಬೆರೆತೇ ನಡೆಯುತ್ತಿದ್ದುವು. ಆದರೂ ಇದನ್ನು ಉಳಿಸಿಕೊಳ್ಳಬೇಕೆಂದೇ ನಮ್ಮ ಮತ. ಗತಕಾಲಕ್ಕೆ ಸೇರಿದುದೆಲ್ಲವೂ ಮಹತ್ತ್ವದ್ದಲ್ಲವೆಂದು ವಿವೇಚಿಸುವುದು ಇತಿಹಾಸಕಾರನ ನಿತ್ಯದ ಕೆಲಸ. ಇಷ್ಟಾಗಿಯೂ ನಾವು ತಿದ್ದಿದ ಎಷ್ಟೋ ಪ್ರಬಂಧಗಳಲ್ಲಿ ಸಿಕ್ಕ ಸಿಕ್ಕ ತಾಮ್ರಪಟವೆಲ್ಲ 'ಹಿಸ್ಟಾರಿಕ್' ಆಗಿದ್ದುದನ್ನು ಗಮನಿಸದೆ ದಾಟಿ, 'ಲೆಸ್' ಎಂಬುದರ ಕೆಳಗೆ ಮಾತ್ರ ತಪ್ಪದೆ ಕೆಂಪು ಗೆರೆಯನ್ನು ಎಳೆದಿದ್ದೇವೆ.