ರಟ್ಟಿನ ಗಿಟಾರ್
ಗಿಟಾರಿನ ಮಾತು ಬಂದೊಡನೆ ನಾವು ಮುಸ್ಲಿಮ್ ಸ್ಪೇನಿನ ವೈಭವವನ್ನೂ 822ರಲ್ಲಿ ಕೊರ್ದೋವಾಕ್ಕೆ ಬಂದ ಸಂಗೀತಗಾರ ಝಿರ್ಯಾಬ್‌ನನ್ನೂ ನೆನೆಯುತ್ತೇವೆ. ಗಿಟಾರ್ ಅರಬರ ಊದ್‌ನ ಕೂಸೆಂದು ಹೆಮ್ಮೆಪಡುತ್ತೇವೆ. ಆದರೆ ಊದ್‌ಗೆ ಉಬ್ಬಿದ ಬೆನ್ನು, ಮೆಟ್ಟುಗಳಿಲ್ಲದ ಕೊರಳು. ಗಿಟಾರಿಗೆ ಸಪಾಟು ಬೆನ್ನು, ಸೊಂಟ, ಮೆಟ್ಟುಗಳು. ನಂಟು ಅಷ್ಟು ನೇರವಲ್ಲ. ಗಿಟಾರ್ ತಯಾರಕನಿಗಿರುವ 'ಲೂಥಿಯರ್' ಎಂಬ ಹೆಸರಿನಲ್ಲಿ 'ಅಲ್-ಊದ್' ಉಳಿದಿರುವುದು ನಿಜ. ಅದರ ಅರ್ಥ ಮರ.

ಇಂದಿನ ಗಿಟಾರಿಗೆ ರೂಪ ಕೊಟ್ಟದ್ದು ಅಲ್ಮೇರಿಯಾದ ಬಡಗಿ ಅಂತೋನಿಯೊ ದೆ ತೋರೆಸ್ (1817-1892). 1862ರಲ್ಲಿ ಆತ ಬೆನ್ನು, ಪಕ್ಕಗಳನ್ನು ರಟ್ಟಿನಲ್ಲಿ ಮಾಡಿ, ಮೇಲುಹಲಗೆಯನ್ನು ಮಾತ್ರ ಮರದಲ್ಲಿ ಮಾಡಿದ ಗಿಟಾರ್ ಬಾರ್ಸಿಲೋನಾದ ಸಂಗೀತ ಮ್ಯೂಸಿಯಂನಲ್ಲಿದೆ. ನಾದದ ಜೀವ ಆ ತೆಳು ಹಲಗೆಯಲ್ಲಿ, ಅದರೊಳಗೆ ಬೀಸಣಿಗೆಯಂತೆ ಅಂಟಿಸಿದ ಪಟ್ಟಿಗಳಲ್ಲಿದೆ ಎಂಬುದು ಆತನ ವಾದ. ಈ ವಾದ ಪೂರ್ತಿ ಒಪ್ಪುವಂಥದ್ದಲ್ಲ. ಫ್ಲಮೆಂಕೊ ಗಿಟಾರಿಗೆ ರೂಢಿಯಂತೆ ಹಗುರವಾದ ಸೈಪ್ರೆಸ್ ಬೆನ್ನು, ಶಾಸ್ತ್ರೀಯ ಗಿಟಾರಿಗೆ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆ. ದನಿಯೂ ಬೇರೆ ಬೇರೆ. ಆದರೆ ಬೆಲೆ ಮರದ್ದಲ್ಲ, ಕೈಗೆಲಸದ್ದು ಎಂಬುದನ್ನು ಆ ರಟ್ಟು ಸಾಬೀತುಪಡಿಸಿತು.

ಪ್ರವಾದಿ ಝಕರಿಯಾ(ಅ) ಬಡಗಿಯಾಗಿದ್ದರೆಂದು ಸಹೀಹ್ ಮುಸ್ಲಿಮ್‌ನ ಹದೀಸ್ ಹೇಳುತ್ತದೆ. ಮಗನನ್ನು ಬಡಗಿಯ ಬಳಿ ಕಲಿಯಲು ಕಳಿಸಲು ನಾಚುವ ನಾವು ಕೊರ್ದೋವಾದ ಹೆಮ್ಮೆಯನ್ನು ಯಾವ ಮುಖದಿಂದ ಹೇಳಿಕೊಳ್ಳುವುದು?