ಬೈಂಡಿಂಗಿಗೆ ಹೋದ ಪುಸ್ತಕ

ಗ್ರಂಥಪಾಲಕರು ಒಂದು ಪಕ್ಷ ಹಿಡಿಯಬಹುದೇ? ಈಚೆಗೆ ಬೆಳಗಾವಿಯ ತಿಲಕವಾಡಿಯಲ್ಲಿ ಗೆಳತಿಯರು ಕೂಡಿದ್ದಾಗ ಈ ಮಾತು ಬಂತು. "ಯಾಕ ಹಿಡೀಬಾರದು? ಅವರೇನು ಓಟು ಹಾಕೂದಿಲ್ಲೇನು?" ಎಂದಳು ಒಬ್ಬಾಕೆ. ಎಲ್ಲರೂ ನಕ್ಕರು. ನಾನು ಮಾತ್ರ ಚಹಾದ ಕಪ್ಪು ನೋಡುತ್ತ ಕುಳಿತೆ. ಆ ಮೇಜಿನ ಹಿಂದೆ ವರ್ಷಗಟ್ಟಲೆ ಕುಳಿತು ನಿವೃತ್ತಳಾದವಳು ನಾನು. ಅಲ್ಲಿ ಹೇಳಲಾರದ್ದನ್ನು ನಿಮಗೆ ಹೇಳುತ್ತೇನೆ.

1986ರ ಜೂನ್. ನಾನಾಗ ದಿನಾಲೂ ಬೆಳಗಾವಿಯಿಂದ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿಬರುತ್ತಿದ್ದೆ. ಅಲ್ಲಿನ ಒಂದು ಸಣ್ಣ ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸ ಸಿಕ್ಕಿತ್ತು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ನಂದಗಡ ಇದೇ ತಾಲೂಕಿನದು. ಮನೆಮನೆಯಲ್ಲಿ ಮರಾಠಿ ಮಾತನಾಡುವ ಹಳ್ಳಿಗಳೂ ಇದೇ ತಾಲೂಕಿನವು. ಆ ವರ್ಷ ಗಡಿ ಚಳವಳಿ ಹೊತ್ತಿಕೊಂಡಿತ್ತು. ಮನೆಯಲ್ಲಿ ಅವ್ವ ನಾನು ಬರುವತನಕ ಬಾಗಿಲಲ್ಲೇ ನಿಂತಿರುತ್ತಿದ್ದಳು.

ಒಂದು ದಿನ ಯಾರೋ ಒಬ್ಬರು ಬಂದು, "ಮರಾಠಿ ಪುಸ್ತಕ ಮುಂದ ಯಾಕ ಇಟ್ಟೀರಿ?" ಎಂದು ಕೇಳಿ ಹೋದರು. ಅಷ್ಟೇ. ಬೆದರಿಸಲಿಲ್ಲ, ಮೇಲಿನವರ ಆಜ್ಞೆಯೂ ಬರಲಿಲ್ಲ. ಆದರೆ ಆ ಸಂಜೆ ನಾನೇ ಮರಾಠಿ ಕಪಾಟಿನ ಪುಸ್ತಕಗಳನ್ನೆಲ್ಲ ಹಿಂದಿನ ಕೋಣೆಗೆ ಹೊತ್ತುಹಾಕಿದೆ. ಹೆದರಿ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಲೇ? ಸ್ವಲ್ಪ ಖುಷಿಯೂ ಆಗಿತ್ತು. ಕನ್ನಡಕ್ಕೆ ನಾನೂ ಏನೋ ಮಾಡಿದೆ ಎಂಬ ಖುಷಿ.

ಅಲ್ಲಿಗೆ ಒಬ್ಬ ಮರಾಠಿ ಶಾಲೆಯ ಶಿಕ್ಷಕಿ ಬರುತ್ತಿದ್ದರು. ಬೇಕಾದದ್ದು ಇಂದಿರಾ ಸಂತರ 'ಗರ್ಭರೇಶೀಮ'. ಎರಡೇ ವರ್ಷದ ಹಿಂದೆ, 1984ರಲ್ಲಿ, ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕವನ ಸಂಗ್ರಹ. ಇಂದಿರಾ ಸಂತರು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ, ಬಾಳಿದ್ದು ಬೆಳಗಾವಿಯಲ್ಲಿ. "ಬೈಂಡಿಂಗಿಗೆ ಹೋಗೇದ್ರಿ" ಎಂದೆ. ಎಂಟು ದಿನ ಬಿಟ್ಟು ಮತ್ತೆ ಬಂದರು, ಮತ್ತೆ ಅದೇ ಉತ್ತರ. ಮೂರನೆಯ ಸಲ ಬಂದಾಗ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮೇಲೆಯೇ ಇದ್ದ ಆ ಪುಸ್ತಕವನ್ನು ಅವರು ಕಂಡರು. ನನ್ನ ಮುಖ ನೋಡಿ, ತಮ್ಮ ಮರಾಠಿ ಎಳೆತದ ಕನ್ನಡದಲ್ಲಿ, "ಬೈಂಡಿಂಗ ಛಲೋ ಆಗೇದ್ರಿ ಬಾಯಿ" ಎಂದರು. ಹೋದವರು ತಿರುಗಿ ಬರಲಿಲ್ಲ.

ಗ್ರಂಥಾಲಯ ಶಾಸ್ತ್ರ ಓದುವಾಗ ಎಸ್. ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ಬಾಯಿಪಾಠ ಮಾಡಿದ್ದೆ. 1931ರಲ್ಲಿ ಪ್ರಕಟವಾದ ಆ ಸೂತ್ರಗಳಲ್ಲಿ ಎರಡನೆಯದು: ಪ್ರತಿ ಓದುಗನಿಗೂ ಅವನ ಪುಸ್ತಕ. ಅಲ್ಲಿ ಓದುಗನ ಭಾಷೆ ಯಾವುದು, ಪಕ್ಷ ಯಾವುದು ಎಂಬ ಷರತ್ತಿಲ್ಲ. ನಮ್ಮ ರಾಜ್ಯದಲ್ಲಿ 1965ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವೂ ಬಂತು. ಆ ಕರವನ್ನು ಮರಾಠಿ ಮನೆಯವರೂ ಕಟ್ಟುತ್ತಾರೆ, ಕನ್ನಡ ಮನೆಯವರೂ ಕಟ್ಟುತ್ತಾರೆ. ಇಬ್ಬರ ದುಡ್ಡಿನ ಕಪಾಟಿಗೆ ಒಬ್ಬರ ಬೀಗ ಹಾಕುವುದು ಯಾವ ನ್ಯಾಯ?

ಭಾಷಾಭಿಮಾನ ಬೇಡವೇ ಎಂದು ನೀವು ಕೇಳಬಹುದು. ಬೇಕು. ಆದರೆ ಒಂದು ಪರೀಕ್ಷೆ ಮಾಡಿ ನೋಡಿ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆಗಳಲ್ಲಿ ಕನ್ನಡದ ಮನೆಗಳಿವೆ. ಅಲ್ಲಿಯ ಕನ್ನಡದ ಹುಡುಗಿಯೊಬ್ಬಳು ಬೇಂದ್ರೆಯವರ ಕವನ ಕೇಳಿದಾಗ, ಕಪಾಟಿನಲ್ಲಿದ್ದೂ "ಬೈಂಡಿಂಗಿಗೆ ಹೋಗಿದೆ" ಎಂದರೆ ನಮಗೆ ಹೇಗಾಗುತ್ತದೆ? ಅವಳಿಗಾಗಿ ಉಕ್ಕುವ ಸಿಟ್ಟು ಆ ಶಿಕ್ಷಕಿಗಾಗಿ ನನ್ನಲ್ಲಿ ಉಕ್ಕಲಿಲ್ಲ. ಪಕ್ಷಪಾತವೆಂದರೆ ಅದೇ.

ಈಗ ಫೋನಿನಲ್ಲೇ ತಮ್ಮದೊಂದು ಪುಟ ಮಾಡಿಕೊಂಡು ಬರೆಯುವವರು ಬಹಳ. ಅವರ ಧರ್ಮ ಬೇರೆ. ಗ್ರಂಥಪಾಲಕಿ ಹಿಡಿದದ್ದು ಊರಿನ ಕೀಲಿಕೈ. ಅವರು ಬರೆಯುವುದು ಸ್ವಂತ ಜಗಲಿಯಲ್ಲಿ. ಒಂದು ಪಕ್ಷ ಹಿಡಿದು ಬರೆದರೆ ತಪ್ಪಿಲ್ಲ, ಹಿಡಿದದ್ದನ್ನು ಮುಚ್ಚಿಟ್ಟರೆ ತಪ್ಪು. ಅರ್ಧ ಹೇಳುವುದು ಇನ್ನೂ ದೊಡ್ಡ ತಪ್ಪು. 1967ರ ಮಹಾಜನ ವರದಿಯನ್ನೇ ನೋಡಿ. ಬೆಳಗಾವಿ ಅಂದಿನ ಮೈಸೂರು ರಾಜ್ಯದಲ್ಲೇ ಇರಲಿ ಎಂದದ್ದೂ ಅದೇ, 264 ಹಳ್ಳಿಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದದ್ದೂ ಅದೇ. ನಮ್ಮವರು ಮೊದಲ ಮಾತನ್ನು ಬರೆದು ಎರಡನೆಯದನ್ನು ಬಿಡುತ್ತಾರೆ. ಅತ್ತಲಿನವರು ಮೊದಲ ಮಾತನ್ನೇ ಒಪ್ಪುವುದಿಲ್ಲ. ಪೂರ್ತಿ ವರದಿ ಓದಬೇಕೆನ್ನುವವಳು ಎಲ್ಲಿಗೆ ಹೋಗಬೇಕು? ಗ್ರಂಥಾಲಯಕ್ಕೇ ತಾನೆ? ಅಲ್ಲಿಯೂ ನನ್ನಂಥವಳು ಕುಳಿತಿದ್ದರೆ?

ಆಮೇಲಿನ ವರ್ಷಗಳಲ್ಲಿ ಒಂದು ನಿಯಮ ಮಾಡಿಕೊಂಡೆ. ನನಗೆ ಸೇರದ ಪುಸ್ತಕ ಕೇಳಿದವರಿಗೆ ನಾನೇ ಎದ್ದು ಹುಡುಕಿ ಕೊಡುತ್ತಿದ್ದೆ, ಜವಾನನನ್ನು ಕಳಿಸುತ್ತಿರಲಿಲ್ಲ. 'ಗರ್ಭರೇಶೀಮ'ವನ್ನೂ ಮುಂದಿನ ಕಪಾಟಿಗೆ ತಂದಿಟ್ಟೆ. ನನ್ನ ಹರುಕು ಮುರುಕು ಮರಾಠಿಯಲ್ಲಿ ಓದಿದೆ ಕೂಡ. ಅರ್ಧ ತಿಳಿಯಿತು. ಉಳಿದರ್ಧ ಕೇಳಿ ತಿಳಿದುಕೊಳ್ಳೋಣವೆಂದರೆ, ಹೇಳಿಕೊಡಬಹುದಾಗಿದ್ದ ಒಬ್ಬರನ್ನು ನಾನೇ ಬಾಗಿಲಿನಿಂದ ಹಿಂದಕ್ಕೆ ಕಳಿಸಿದ್ದೆ.