ಚೆಂಡು ಬಿಡಿ, ಆಡಮ್ಸ್‌ರನ್ನು ನೋಡಿ

ಫುಟ್‌ಬಾಲ್ ನೋಡಲು ಕೂತವರ ಕಣ್ಣು ಚೆಂಡಿನ ಬೆನ್ನು ಹತ್ತುವುದು ಸಹಜ. ಡಿಫೆಂಡರ್‌ನ ಕಲೆ ಸವಿಯಬೇಕೆಂದರೆ ಆ ಚಾಳಿ ಬಿಡಬೇಕು. ಅಭ್ಯಾಸಕ್ಕೆ ಆರ್ಸೆನಲ್‌ನ ಟೋನಿ ಆಡಮ್ಸ್ ಸಾಕು. 1983ರ ನವೆಂಬರ್‌ನಲ್ಲಿ ಹದಿನೇಳರ ಹುಡುಗನಾಗಿ ಸಂಡರ್‌ಲ್ಯಾಂಡ್ ವಿರುದ್ಧ ಕಣಕ್ಕಿಳಿದವರು, 2002ರಲ್ಲಿ ನಿವೃತ್ತರಾಗುವವರೆಗೂ ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ. ಇಪ್ಪತ್ತೊಂದಕ್ಕೇ ನಾಯಕರಾದರು.

ಹಳೆಯ ಪಂದ್ಯವೊಂದರ ಪೂರ್ತಿ ರೆಕಾರ್ಡಿಂಗ್ ಹುಡುಕಿ. ಹೈಲೈಟ್ಸ್ ಬೇಡ, ಅದರಲ್ಲಿ ಡಿಫೆಂಡರ್ ಕಾಣುವುದು ಹೆಚ್ಚಾಗಿ ಎಡವಿದಾಗಲೇ. ಎದುರಾಳಿ ಪಾಸ್ ಕೊಡಲು ತಲೆ ಎತ್ತುತ್ತಿದ್ದಂತೆ ಆಡಮ್ಸ್ ಏನು ಮಾಡುತ್ತಾರೆ ಗಮನಿಸಿ. ಹಿಂದಕ್ಕೆ ಓಡುವ ಬದಲು ಎರಡು ಹೆಜ್ಜೆ ಮುಂದೆ ಬರುತ್ತಾರೆ. ಬಲಕ್ಕೆ ಲೀ ಡಿಕ್ಸನ್, ಎಡಕ್ಕೆ ನೈಜೆಲ್ ವಿಂಟರ್‌ಬರ್ನ್, ಪಕ್ಕದಲ್ಲಿ ಸ್ಟೀವ್ ಬೋಲ್ಡ್. ನಾಲ್ವರೂ ಗಾರೆಯವನು ದಾರ ಕಟ್ಟಿದ ಹಾಗೆ ಒಂದೇ ಸಾಲಿಗೆ ಬರುತ್ತಾರೆ. ಬೆನ್ನ ಹಿಂದೆ ಉಳಿದ ಫಾರ್ವರ್ಡ್ ಆಫ್‌ಸೈಡ್! ಲೈನ್ಸ್‌ಮನ್ ಬಾವುಟಕ್ಕೂ ಮೊದಲು ಆಡಮ್ಸ್‌ರ ಕೈ ಮೇಲೆದ್ದಿರುತ್ತದೆ. ಈ ಭಂಗಿ ಎಷ್ಟು ಮನೆಮಾತಾಗಿತ್ತೆಂದರೆ, 1997ರ ‘ದ ಫುಲ್ ಮಾಂಟಿ’ ಸಿನಿಮಾದಲ್ಲಿ ಹೆಜ್ಜೆ ಕೂಡದ ಗಂಡಸರಿಗೆ ಆರ್ಸೆನಲ್‌ನ ಆಫ್‌ಸೈಡ್ ಬಲೆಯನ್ನು ನೆನಪಿಸಿಯೇ ಕುಣಿತ ಕಲಿಸುತ್ತಾರೆ.

1990ರಲ್ಲಿ ನಿಯಮ ಸಡಿಲವಾಯಿತು. ಡಿಫೆಂಡರ್‌ಗೆ ಸಮನಾಗಿ ನಿಂತವನು ಆಫ್‌ಸೈಡ್ ಅಲ್ಲ ಎಂದಾಯಿತು. ಬಲೆ ಹರಿಯಬೇಕಿತ್ತು. ಹರಿಯಲಿಲ್ಲ: 1990–91ರ ಲೀಗ್‌ನ 38 ಪಂದ್ಯಗಳಲ್ಲಿ ಆರ್ಸೆನಲ್ ಬಿಟ್ಟುಕೊಟ್ಟದ್ದು 18 ಗೋಲು, ಸೋತದ್ದು ಒಂದೇ ಪಂದ್ಯ. ಚೆಲ್ಸಿ ವಿರುದ್ಧದ ಆ ಸೋಲಿನ ಹೊತ್ತಿಗೆ ಆಡಮ್ಸ್, ಕುಡಿದು ಕಾರು ಓಡಿಸಿದ ತಪ್ಪಿಗೆ ಜೈಲಿನಲ್ಲಿದ್ದರು. ನಾಯಕನ ಬೆಲೆ ತಿಳಿಯಲು ಬೇರೆ ಲೆಕ್ಕ ಬೇಕಿಲ್ಲ.

ಕುಡಿತದ ಚಟವನ್ನು ಅವರು ಬಹಿರಂಗವಾಗಿ ಒಪ್ಪಿಕೊಂಡದ್ದು 1996ರಲ್ಲಿ. ಅದೇ ವರ್ಷ ಬಂದ ಕೋಚ್ ಆರ್ಸೇನ್ ವೆಂಗರ್, ಚೆಂಡು ಹಿಡಿದು ಮುನ್ನುಗ್ಗಲು ಅವರಿಗೆ ಸಲಿಗೆ ಕೊಟ್ಟರು. ಫಲ 1998ರ ಮೇ 3ರಂದು ಕಂಡಿತು. ಎವರ್ಟನ್ ವಿರುದ್ಧ ಬೋಲ್ಡ್ ಮೇಲಿಂದ ತೇಲಿಸಿಕೊಟ್ಟ ಚೆಂಡನ್ನು ಆಡಮ್ಸ್ ಎದೆಯಲ್ಲಿ ಇಳಿಸಿ, ಎಡಗಾಲಲ್ಲಿ ಬಲೆಗೆ ಬಾರಿಸಿದರು. 4–0; ಲೀಗ್ ಪಟ್ಟವೂ ಅಂದೇ ಕೈಸೇರಿತು.

ಹೊಸಬರಿಗೆ ಎಲ್ಲರೂ ಮೊದಲು ತೋರಿಸುವುದು ಈ ಗೋಲನ್ನೇ. ನೀವು ಕೊನೆಗೆ ನೋಡಿ.